ಗಾಳಿಯ ಮೇಲೆ ಹೊರಿಸಿದ ತಪ್ಪು

ನಮ್ಮ ಕಡೆಯ ಬೇಸಿಗೆಗೆ ಕೊಟ್ಟ ಮಾತು ಉಳಿಸಿಕೊಳ್ಳುವ ಗುಣವಿಲ್ಲ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಪರಾತದ ಹಾಗೆ ಹೊಳೆಯುತ್ತಿರುತ್ತದೆ. ಹನ್ನೆರಡಕ್ಕೆ ಅಂಗಳದಲ್ಲಿ ಬರಿಗಾಲು ಊರಲಾಗುವುದಿಲ್ಲ. ಎರಡರ ಹೊತ್ತಿಗೆ ಗಾಳಿ ನಿಂತೇಬಿಡುತ್ತದೆ. ಬೇವಿನ ಒಂದು ಎಲೆಯೂ ಅಲುಗದು. ಬೆವರು ಬರುತ್ತದೆ, ಆರುವುದಿಲ್ಲ. ಸೀರೆ ಬೆನ್ನಿಗೆ ಅಂಟಿಕೊಂಡು ಚರ್ಮವೇ ಆಗುತ್ತದೆ. ಇದಕ್ಕೆ ನಾವು ಕುದಿ ಅನ್ನುತ್ತೇವೆ. ಎರಡು ದಿನ ಹೀಗೆ ಕುದಿಸಿ, ಮೂರನೇ ದಿನ ನಾಲ್ಕರ ಸುಮಾರಿಗೆ ಪಡುವಣದಲ್ಲಿ ಧೂಳಿನ ಗೋಡೆ ಏಳುತ್ತದೆ. ಅದು ಬಂದರೆ ಬಂತು, ಇಲ್ಲವಾದರೆ ಇಲ್ಲ. ಓಣಿಯ ಒಂದು ಬದಿಗೆ ಆಣೆಕಲ್ಲು ಬಿದ್ದು ಮಾವಿನಕಾಯಿ ಉದುರಿದ ದಿನ ಇನ್ನೊಂದು ಬದಿಯವರು ಕಾಳು ಬಿಸಿಲಿಗೆ ಹರವಿಕೊಂಡು ಕುಂತಿದ್ದನ್ನು ನೋಡಿದ್ದೇನೆ.

ಈ ಅಡ್ಡಮಳೆಯ ಗಾಳಿಯನ್ನು ನಾನು ಒಂದು ಬೇಸಿಗೆ ನನ್ನ ಸೇಡಿಗೆ ದುಡಿಸಿಕೊಂಡೆ. ನನ್ನ ಸ್ವಂತ ಅಕ್ಕನ ಮೇಲೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಮರಾಠಿ ಸಾಲಿಯಲ್ಲಿ. ಕನ್ನಡ ಅಕ್ಷರ ಮನೆಯಲ್ಲಿ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮದು ಮರಾಠಿ ಸೀಮೆಯ ಗಡಿಯಲ್ಲಿ, ಕಾಸಾರಶಿರಸಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಊರು. ಅಪ್ಪ ಅಯ್ಯನೋರು, ಭಕ್ತರ ಮನೆಗಳಿಗೆ ಪೂಜೆಗೆ, ಮದುವೆಗೆ, ಸಾವಿಗೆ ಹೋಗುವವರು. ತೊಂಬತ್ತಮೂರರ ಭೂಕಂಪದಲ್ಲಿ ನಮ್ಮ ಊರು ಉಳಿಯಿತು, ಗೋಡೆಗಳು ಬಿರುಕು ಬಿಟ್ಟವು, ಅಷ್ಟೆ. ಅವ್ವನ ತವರೂರು ಉಳಿಯಲಿಲ್ಲ. ಮಾಳಿಗೆ ಮನೆಯ ಕಲ್ಲು, ಮಣ್ಣು, ತೊಲೆ ಎಲ್ಲವೂ ಮಲಗಿದ್ದ ಅಜ್ಜಿಯ ಮೇಲೂ ಅವ್ವನ ತಮ್ಮನ ಮೇಲೂ ಬಿದ್ದವು. ಅವರನ್ನು ಹೊರಗೆ ತೆಗೆಯುವಾಗ ಅವ್ವ ಅಲ್ಲೇ ನಿಂತಿದ್ದಳು. ತಿರುಗಿ ಬಂದವಳು ನಮ್ಮ ಕಲ್ಲಿನ ಮನೆಯೊಳಗೆ ಕಾಲಿಡಲಿಲ್ಲ. ಅಪ್ಪ ಅಂಗಳದಲ್ಲೇ ಒಂದು ಪತ್ರಾದ, ಅಂದರೆ ತಗಡಿನ, ಶೆಡ್ಡು ಹಾಕಿಸಿದರು. ಅದರೊಳಗೂ ಅವ್ವ ಒಬ್ಬಳೇ ಇರುತ್ತಿರಲಿಲ್ಲ. ಒಲೆ ಹಚ್ಚಬೇಕಾದರೂ ಬಾಗಿಲಲ್ಲಿ ಯಾರಾದರೂ ಕುಂತಿರಬೇಕು. ಯಾರೂ ಇಲ್ಲದಿದ್ದರೆ ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಣಿಗೆ ಓಡುತ್ತಿದ್ದಳು.

ಆಗ ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ಒಂದು ಮುಂಜಾನೆ ಅಪ್ಪ ನಮ್ಮಿಬ್ಬರನ್ನೂ ಬೇವಿನ ಕೆಳಗೆ ಕೂರಿಸಿಕೊಂಡರು.

"ನಾ ಪೂಜಾಕ್ಕ ಹೋಗಬೇಕು. ನಿಮ್ಮಿಬ್ಬರೊಳಗ ಒಬ್ಬಾಕಿ ಸಾಲಿ ಬಿಟ್ಟು ಅವ್ವನ ಹತ್ರ ಇರಬೇಕವ್ವಾ. ಯಾರ ಇರ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು: "ಆಕಿ ಇರ್ಲಿ ಅಪ್ಪಾ. ಆಕಿ ತಲ್ಯಾಗ ಅಭ್ಯಾಸ ಹೋಗಲ್ಲ. ಗುರುಜಿನೂ ಅಂದಾರ."

ಗುರುಜಿ ಹಾಗೆ ಅಂದಿರಲಿಲ್ಲ. ಅದೇ ವಾರ ನನ್ನನ್ನು ಫಳ್ಯಾದ, ಅಂದರೆ ಕರಿಹಲಗೆಯ, ಮುಂದೆ ಕರೆದು ಭಾಗಾಕಾರ ಮಾಡಿಸಿ, "ಬಘಾ, ಇವಳನ್ನು ನೋಡಿ ಕಲೀರಿ" ಎಂದು ಗಂಡುಹುಡುಗರಿಗೆ ಬೈದಿದ್ದರು. ಅದು ಅಕ್ಕನಿಗೆ ಗೊತ್ತಿತ್ತು. ನಾನೇ ಕುಣಿದುಕೊಂಡು ಬಂದು ಹೇಳಿದ್ದೆ. ಅಪ್ಪ ತಲೆ ಆಡಿಸಿದರು. ಅವರಿಗೂ ಬೇಗ ಮುಗಿಯುವ ಮಾತೇ ಬೇಕಾಗಿತ್ತು. ಅಲ್ಲಿಗೆ ನನ್ನ ಸಾಲಿ ಮುಗಿಯಿತು.

ಅಕ್ಕ ಕಾಸಾರಶಿರಸಿಗೆ ಹೋಗಿ ದಹಾವಿ, ಅಂದರೆ ಹತ್ತನೆಯದು, ಪಾಸಾದಳು, ಮುಂದೆ ಉದಗೀರಿಗೆ ಸೋದರತ್ತೆಯ ಮನೆಗೆ ಹೋಗಿ ಬಾರಾವಿಯ, ಅಂದರೆ ಹನ್ನೆರಡನೆಯದರ, ತನಕ ಓದಲು ಸೇರಿದಳು. ನಾನು ಬಾಗಿಲಲ್ಲಿ ಕುಂತೆ. ನಾಲ್ಕು ವರ್ಷ ಕುಂತೆ. ಬಾಗಿಲಲ್ಲಿ ಕುಂತವರಿಗೆ ನೋಡಲು ಇರುವುದು ಆಕಾಶ ಒಂದೇ. ಅದನ್ನು ಓದುವುದು ನನಗೆ ಬಂತು. ಯಾವ ಕುದಿ ಸುಳ್ಳು, ಯಾವುದು ಖರೆ, ಯಾವ ಮೋಡ ಬರೀ ಗುಡುಗಿ ಬೀದರಿನ ಕಡೆಗೆ ಹೋಗುತ್ತದೆ, ಯಾವುದು ನಮ್ಮ ತಲೆಯ ಮೇಲೆ ಒಡೆಯುತ್ತದೆ ಎಂದು ಮಧ್ಯಾಹ್ನವೇ ಹೇಳುತ್ತಿದ್ದೆ. ಜೋಳ ಒಣಹಾಕುವ ಹೆಂಗಸರು ಬಂದು ಕೇಳಿಕೊಂಡು ಹೋಗುತ್ತಿದ್ದರು.

ಪತ್ರಾದ ಕೆಲಸವೂ ನನ್ನದೇ. ನಮ್ಮ ಭಾಗದಲ್ಲಿ ಪತ್ರಾ ಹಾಕಿದವರು ಗಾಳಿಗೆ ಹಾರಬಾರದೆಂದು ಅದರ ಮೇಲೆ ಕಲ್ಲು ಹೇರುತ್ತಾರೆ. ನಮ್ಮ ಶೆಡ್ಡಿನ ಮೇಲೆ ಒಂದು ಕಲ್ಲೂ ಇರಲಿಲ್ಲ. ಹಾಕಲು ಬಂದ ಬಡಿಗನ ಕೈ ಹಿಡಿದು ಅವ್ವ ಕೂಗಿದ್ದಳು: "ತಲೀ ಮ್ಯಾಲ ಕಲ್ಲಾ? ನನ್ನ ಮಕ್ಕಳ ತಲೀ ಮ್ಯಾಲ ಕಲ್ಲಾ?" ಅದಕ್ಕೇ ಪತ್ರಾಕ್ಕೆ ತೂತು ಹೊಡೆದು, ತಂತಿ ಹಾಯಿಸಿ, ಕೆಳಗಿನ ಬೊಂಬಿಗೆ ಸುತ್ತಿ ತಿರುವಿದ್ದರು. ಹಗಲು ಕಾದು ಹಿಗ್ಗಿ, ಸಂಜೆ ಟಣ್ ಟಣ್ ಎಂದು ಕುಗ್ಗುವ ಪತ್ರಾ ಎಂಟು ದಿನಕ್ಕೊಮ್ಮೆ ತಂತಿಯನ್ನು ಸಡಿಲು ಮಾಡುತ್ತಿತ್ತು. ನಾನು ಹಗುರ ಇದ್ದೆ. ಮುಂಜಾನೆ ಪತ್ರಾ ಕಾಯುವ ಮೊದಲು ತಂತಿ ತಿರುವುವ ಪಕ್ಕಡ ಹಿಡಿದು ಹತ್ತಿ ಎಲ್ಲ ತಂತಿ ಬಿಗಿದು ಇಳಿಯುತ್ತಿದ್ದೆ. ಊರವರು ಶೆಡ್ಡನ್ನು ಗಾಳಿಪಟಕ್ಕೆ ಹೋಲಿಸಿ ನಗುತ್ತಿದ್ದರು: "ಅಯ್ಯನೋರ ಮನಿ ಪತಂಗ ಅದರೀ. ಸೂತ್ರ ಕಿರೀ ಮಗಳ ಕೈಯಾಗದ!"

ಭೂಕಂಪವಾದ ನಾಲ್ಕನೇ ಬೇಸಿಗೆ ಅಕ್ಕ ಬಾರಾವಿ ಪರೀಕ್ಷೆ ಬರೆದು ಉದಗೀರಿನಿಂದ ಬಂದಳು. ಮಾಸ್ತರಿಕಿ ಕೋರ್ಸಿಗೆ ಹೋಗುತ್ತೇನೆ, ಬಾಯಿ ಆಗುತ್ತೇನೆ ಅನ್ನುತ್ತಿದ್ದಳು. ನಮ್ಮಲ್ಲಿ ಸಾಲಿ ಕಲಿಸುವ ಹೆಂಗಸಿಗೆ ಬಾಯಿ ಅನ್ನುತ್ತಾರೆ. ಶೆಡ್ಡಿನ ಪಡುವಣ ಮೂಲೆಯಲ್ಲಿ ಅವಳ ತಗಡಿನ ಟ್ರಂಕು, ಅದರ ತುಂಬ ಪುಸ್ತಕ, ವಹಿ. ಅಲ್ಲಿ ನಾನು ಕಸ ಹೊಡೆದರೆ ಧೂಳು ಎಬ್ಬಿಸಿದೆ ಎಂದು ಬೈಯುತ್ತಿದ್ದಳು. ನನಗೆ ಒಂದು ವಹಿಯ ಹಿಂದಿನ ಹಾಳೆ ಹರಿದು ಕೊಟ್ಟು, "ಸಹಿ ಮಾಡೂದರ ಕಲಿ. ನಾಳಿ ನಿನ್ನ ಗಂಡ ಹೆಬ್ಬೆಟ್ಟ ಅಂದಾನು" ಅಂದಳು.

ಒಂದು ಮಧ್ಯಾಹ್ನ ನಾನು, "ಅಕ್ಕಾ, ಇನ್ನ ಎರಡ ದಿನದಾಗ ದೊಡ್ಡ ಗಾಳಿ ಬರ್ತದ" ಅಂದೆ.

"ನಿನಗ ಯಾರ ಹೇಳ್ಯಾರ? ಇರಬಿ ಹೇಳ್ಯಾವೇನು?" ನೀರಿಗೆ ಬಂದಿದ್ದ ಇಬ್ಬರು ಹೆಂಗಸರ ಮುಂದೆಯೇ ನಕ್ಕಳು. "ರೇಡಿಯೋದಾಗ ಕೋರಡಾ ಹವಾಮಾನ, ಮಳಿ ಇಲ್ಲ ಅಂದಾರ. ನಾಕನೇ ಇಯತ್ತೆ ಆಫೀಸರಬಾಯಿ ಗಾಳಿ ಬರ್ತದ ಅಂತಾಳ!"

ಹೆಂಗಸರೂ ನಕ್ಕರು.

ಮಾರನೇ ದಿನ ಮುಂಜಾನೆ ಪಕ್ಕಡ ಹಿಡಿದು ಹತ್ತಿದೆ. ಅವಳ ಮೂಲೆಯವನ್ನು ಬಿಟ್ಟು ಎಲ್ಲ ತಂತಿ ಬಿಗಿದೆ. ಅಲ್ಲಿ ಮೂರು ತಂತಿ ಇದ್ದವು. ಎರಡು ಸಡಿಲಾಗಿದ್ದವು, ಹಾಗೇ ಬಿಟ್ಟೆ. ಮೂರನೆಯದು ಗಟ್ಟಿ ಇತ್ತು. ಅದರ ತಿರುವನ್ನು ನಾನೇ ಬಿಚ್ಚಿ, ತಂತಿಯನ್ನು ನೆಟ್ಟಗೆ ಮಾಡಿ, ತೂತಿನಲ್ಲಿ ಸುಮ್ಮನೆ ಇಳಿಬಿಟ್ಟೆ. ಕೆಳಗೆ ಅವಳು ಏನೋ ಬಾಯಿಪಾಠ ಮಾಡುತ್ತಿದ್ದಳು. ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ: ಪತ್ರಾ ಏಳಬೇಕು, ಮಳೆ ಟ್ರಂಕಿನೊಳಗೆ ಬೀಳಬೇಕು, ಆ ಪುಸ್ತಕಗಳು ಅಂಬಲಿಯಾಗಬೇಕು, ಆಗ ಅವಳ ಮುಖ ನೋಡಬೇಕು.

ಎರಡು ದಿನವಾಯಿತು. ಗಾಳಿ ಬರಲಿಲ್ಲ.

ಮೋಡ ಕಟ್ಟಿತು, ಗುಡುಗಿತು, ಔರಾದದ ಕಡೆಗೆ ಹೋಯಿತು. ಮರುದಿನ ನಿಲಂಗಾದಲ್ಲಿ ಆಣೆಕಲ್ಲು ಬಿದ್ದ ಸುದ್ದಿ ಬಂತು, ನಮ್ಮಲ್ಲಿ ಹನಿಯೂ ಇಲ್ಲ. ಅದರ ಮರುದಿನ ಅಂಗಳದಲ್ಲಿ ಒಂದು ಸುಂಟರಗಾಳಿ ಎದ್ದು ಒಣಹುಲ್ಲನ್ನು ಬೇವಿನೆತ್ತರ ತಿರುಗಿಸಿ, ಯಾರದೋ ಟೋಪಿಗೆ ಸಾಲಿಯ ಮಾಳಿಗೆ ತೋರಿಸಿ, ತಣ್ಣಗಾಯಿತು. ಅಕ್ಕ ದಿನವೂ ಕೇಳುತ್ತಿದ್ದಳು: "ಏನವಾ ಆಫೀಸರಬಾಯಿ, ನಿನ್ನ ಗಾಳಿಗಿ ಎಸ್‌ಟಿ ಬಸ್ಸ ಸಿಗಲಿಲ್ಲೇನು?" ಒಂಬತ್ತು ದಿನ ಹೀಗಾಯಿತು. ಒಂಬತ್ತು ಮುಂಜಾನೆ ನಾನು ಹತ್ತಿ ಆ ತಂತಿ ಸುತ್ತಬಹುದಾಗಿತ್ತು. ಸೇಡು ಮೊದಲ ದಿನದ ಬಿಸಿಯಲ್ಲಿ ಮಾಡಿದ್ದು ಎಂದು ನಾನು ಯಾರಿಗೂ ಹೇಳಲಾರೆ. ಆ ಬೇಸಿಗೆಯ ಆಕಾಶ ನನಗೆ ಒಂಬತ್ತು ಸಲ ಅವಕಾಶ ಕೊಟ್ಟಿತು.

ಆರನೇ ದಿನ ಹೆದರಿಕೆಯಾಗಿ ಪಕ್ಕಡ ಹಿಡಿದು ಗೋಡೆಯವರೆಗೆ ಹತ್ತಿದ್ದೆ. ಅಕ್ಕ ಕೆಳಗಿನಿಂದ, "ಏನ್ ಹುಡಕ್ಲಾಕತ್ತಿ? ಮಳಿ ಮ್ಯಾಲ ಅಡಗಿ ಕುಂತದೇನು?" ಅಂದಳು. ಇಳಿದುಬಿಟ್ಟೆ. ಇರಲಿ, ಬರಲಿ ಅಂದುಕೊಂಡೆ.

ಹತ್ತನೇ ದಿನ ಬಂತು. ಕುದಿ ಎಂಥದಿತ್ತೆಂದರೆ ಕೋಳಿಗಳು ಬಾಯಿ ತೆರೆದು ನಿಂತಿದ್ದವು. ನಾವು ಮೂವರೂ ಬೇವಿನ ಕೆಳಗೆ ಕುಂತಿದ್ದೆವು, ಅವ್ವ ಶೇಂಗಾ ಸುಲಿಯುತ್ತಿದ್ದಳು. ಪಡುವಣದ ಧೂಳಿನ ಗೋಡೆ ಈ ಸಲ ನಿಲ್ಲಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಗಲು ಕಂದು ಬಣ್ಣಕ್ಕೆ ತಿರುಗಿತು. ನಾನು ಅವ್ವನನ್ನು ತಬ್ಬಿ ಹಿಡಿದೆ. ಅಕ್ಕ ಎದ್ದು ಶೆಡ್ಡಿನ ಕಡೆಗೆ ಓಡಿದಳು.

ಪುಸ್ತಕ ಇದ್ದವಳು ಪುಸ್ತಕದ ಕಡೆಗೇ ಓಡುತ್ತಾಳೆ. ಇಷ್ಟು ಸಣ್ಣ ಮಾತು ಹತ್ತು ದಿನದಲ್ಲಿ ನನಗೆ ಹೊಳೆದಿರಲಿಲ್ಲ. "ಅಕ್ಕಾ ಹೋಗಬ್ಯಾಡಾ" ಎಂದು ಕೂಗಿದೆ. ಗಾಳಿಯಲ್ಲಿ ನನಗೇ ಕೇಳಿಸಲಿಲ್ಲ.

ಪತ್ರಾ ಮೊದಲು ಸ್ವಲ್ಪ ಎದ್ದಿತು, ಕೂತಿತು. ಎರಡನೇ ಸಲ ಏಳುವಾಗ ಅವಳು ಟ್ರಂಕಿನ ಮೇಲೆ ಹತ್ತಿ ನಿಂತು ಬಲಗೈಯಿಂದ ಅದರ ಅಂಚು ಹಿಡಿದಳು. ಯಾರಾದರೂ ಹಿಡಿಯುತ್ತಿದ್ದರು. ಗಾಳಿ ಪತ್ರಾವನ್ನು ಅವಳ ಮುಷ್ಟಿಯಿಂದ ಎಳೆದುಕೊಂಡು ಹೋಯಿತು.

ಮಳೆ ಹತ್ತು ಮಿನಿಟು ಬಿತ್ತು, ನಿಂತಿತು, ಬಿಸಿಲು ಬಂತು. ಪುಸ್ತಕ ಒಂದೂ ತೊಯ್ದಿರಲಿಲ್ಲ. ಅವಳು ಟ್ರಂಕಿನ ಮುಚ್ಚಳ ಹಾಕಿಯೇ ಮೇಲೆ ಹತ್ತಿದ್ದಳು. ನಿಲಂಗಾದ ಡಾಕ್ಟರು ಹೊಲಿಗೆ ಹಾಕಿ, ಅಂಗೈಯ ನರ ಕಡಿದಿವೆ, ಬೆರಳು ಮಡಚುವುದು ಕಷ್ಟ ಅಂದರು. ಮೂರು ಬೆರಳು ಮಡಚಲೇ ಇಲ್ಲ.

ಜೂನಿನಲ್ಲಿ ರಿಸಲ್ಟು ಬಂತು, ಒಳ್ಳೆಯ ಮಾರ್ಕು. ಕೋರ್ಸಿನ ಯಾದಿಯಲ್ಲಿ ಅವಳ ಹೆಸರೂ ಬಂತು. ಎಡಗೈಯಲ್ಲಿ ಬರೆಯಲು ಮಳೆಗಾಲ ಪೂರ್ತಿ ಕುಂತಳು. ಅಕ್ಷರ ಬೀಳುತ್ತಿದ್ದವು, ಸಾಲು ನಿಲ್ಲುತ್ತಿರಲಿಲ್ಲ. ಕೊನೆಗೆ ಅಪ್ಪ, "ಬರೀಲಾಕ ಬರದಾಕಿ ಮಂದಿ ಮಕ್ಕಳಿಗಿ ಏನ್ ಕಲಸ್ತಾಳ? ಸಾಕು ಬಿಡವ್ವಾ" ಅಂದರು. ಅಂದು ಅವಳು ಟ್ರಂಕಿಗೆ ಕೀಲಿ ಹಾಕಿದ್ದನ್ನು ನಾನು ಬಾಗಿಲಲ್ಲಿ ಕುಂತು ನೋಡಿದೆ. ರಕ್ತ ಕಂಡಾಗ ನಾನು ಅತ್ತಿದ್ದೆ, ಅದು ಖರೆ. ಆದರೆ ಕೀಲಿ ಹಾಕಿದ ದಿನ ನನ್ನೊಳಗೆ ಯಾವುದೋ ತಕ್ಕಡಿ ಸಮನಾಗಿ ನಿಂತ ಹಾಗಾಯಿತು. ಅದೂ ಖರೆ. ಮರುವರ್ಷ ಮುರುಮ ಎಂಬ ಊರಿನ ಧಾನ್ಯದ ವ್ಯಾಪಾರಿಯೊಬ್ಬನಿಗೆ ಅವಳನ್ನು ಕೊಟ್ಟರು. ಅವನಿಗೆ ಅದು ಎರಡನೇ ಮದುವೆ.

ಯಾರೂ ನನ್ನನ್ನು ಕೇಳಲಿಲ್ಲ. ಗಾಳಿಯೇ ಅಂಥದು ಅಂದರು. ಆದರೆ ಅವ್ವ ಹಾಗೆ ಅನ್ನಲಿಲ್ಲ. "ನಾ ಕಲ್ಲ ಇಡಗೊಟ್ಟಿದ್ರ ಪತ್ರಾ ಏಳತಿದ್ದಿಲ್ಲ. ನನ್ನ ಹೆದರಿಕಿ ನನ್ನ ಮಗಳ ಕೈ ತಿಂತು" ಅಂದಳು. ಒಂದು ಸಲವಲ್ಲ. ನೆಂಟರು ಬಂದಾಗ, ಅಕ್ಕ ಎಡಗೈಯಲ್ಲಿ ಉಣ್ಣುವುದನ್ನು ಕಂಡಾಗ, ಪ್ರತಿ ಬೇಸಿಗೆಯ ಮೊದಲ ಗಾಳಿಗೆ. ಅಪ್ಪನೂ ಸಿಟ್ಟು ಬಂದಾಗಲೆಲ್ಲ ಅದನ್ನೇ ಅವಳ ಮುಖಕ್ಕೆ ಎಸೆಯುತ್ತಿದ್ದರು. ಆಮೇಲೆ ಅವ್ವ ಶೆಡ್ಡಿನೊಳಗೆ ಒಬ್ಬಳೇ ಕೂರಲು ಕಲಿತಳು. ಧೈರ್ಯ ಬಂತು ಎಂದು ಮಂದಿ ತಿಳಿದರು. ಅದು ಧೈರ್ಯವಲ್ಲ. ಬಿದ್ದರೆ ಬೀಳಲಿ ಎಂದು ಕೂರುತ್ತಿದ್ದಳು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಲಿಲ್ಲ. ತಂತಿ ಬಿಚ್ಚಿದ್ದು ಎಳೆಯ ವಯಸ್ಸಿನ ಕೆಲಸ. ಇದು ಹಾಗಲ್ಲ.

ನನ್ನನ್ನು ಕಾಸಾರಶಿರಸಿಗೆ ಕೊಟ್ಟರು. ಪ್ರತಿ ಬೇಸಿಗೆ ಅಕ್ಕನಿಂದ ಹೇಳಿಕೆ ಬರುತ್ತಿತ್ತು: ಕೈ ನಡೆಯುವುದಿಲ್ಲ, ಕುರಡಗಿ ಸಂಡಿಗೆ ಮಾಡಲು ತಂಗಿಯನ್ನು ಕಳಿಸಿ. ನಾನು ಹೋಗುತ್ತಿದ್ದೆ. ಮೂರು ದಿನ ಗೋಧಿ ನೆನೆಹಾಕಿ, ಅರೆದು, ಹಾಲು ತೆಗೆದು, ಕುದಿಸಿ, ಹಿತ್ತಾಳೆಯ ಒತ್ತುಮಣೆಯಲ್ಲಿ ಒತ್ತಿ ಮಾಳಿಗೆಯ ಬಿಸಿಲಿಗೆ ಹಾಕುವುದು. ಅವಳು ನೆರಳಲ್ಲಿ ಕುಂತು, "ದಪ್ಪ ಆಯ್ತು ನೋಡು. ನಿನ್ನ ಕೈಯಾಗ ಐದ ಬೆರಳ ಅದಾವಲ್ಲ, ಸರೀ ಒತ್ತು" ಅನ್ನುತ್ತಿದ್ದಳು. ನಾನು ಸುಮ್ಮನೆ ಒತ್ತುತ್ತಿದ್ದೆ. ಅಂಗೈ ಬೊಬ್ಬೆ ಎದ್ದರೆ ಒಳಗೊಳಗೆ ಸಮಾಧಾನವಾಗುತ್ತಿತ್ತು.

ಅವ್ವ ತೀರಿದ ಮರುವರ್ಷದ ಬೇಸಿಗೆ. ಮುರುಮದ ಅದೇ ಮಾಳಿಗೆ. ಹತ್ತು ಗಂಟೆಯ ಬಿಸಿಲು. ಒತ್ತುವುದನ್ನು ನಿಲ್ಲಿಸಿ ಹೇಳಿಬಿಟ್ಟೆ.

"ಅಕ್ಕಾ, ಆ ತಂತಿ ನಾ ಬಿಚ್ಚಿದ್ದೆ."

ಅವಳು ನನ್ನ ಕಡೆಗೆ ನೋಡಲೂ ಇಲ್ಲ. "ಗೊತ್ತದ. ಹಿಟ್ಟ ಆರ್ತದ, ಒತ್ತು."

"ಏನ್ ಗೊತ್ತದ?"

"ಗಾಳಿಗಿ ಹರಿದ ತಂತಿ ಮುರದಿರ್ತದ. ನಾ ಪತ್ರಾ ಹಿಡದಾಗ ತೂತಿನ್ಯಾಗಿಂದ ತಂತಿ ಜಾರಿ ನನ್ನ ಮಾರಿ ಮುಂದ ಬಿತ್ತು. ನೆಟ್ಟಗಿತ್ತು. ಪಕ್ಕಡದ ಹಲ್ಲ ಮೂಡಿದ್ದವು."

"ಮತ್ತ ಅಪ್ಪಗ ಯಾಕ ಹೇಳಲಿಲ್ಲ?"

"ಹೇಳಿದ್ರ ಅಪ್ಪ ನಿನಗ ನಾಕ ಏಟ ಹೊಡೀತಿದ್ದ, ನೀ ಅಳ್ತಿದ್ದಿ, ಅಲ್ಲಿಗೇ ಮುಗೀತಿತ್ತು." ಈಗ ನನ್ನ ಕಡೆಗೆ ತಿರುಗಿದಳು. "ನನಗ ಮುಗಿಸೂದ ಬ್ಯಾಡ ಇತ್ತು. ಮುರುಮದಾಗ ಕುರಡಗಿ ಒತ್ತಾವ್ರು ಯಾರೂ ಇಲ್ಲಂತ ತಿಳದೀಯೇನು? ಮಗ್ಗಲ ಮನ್ಯಾಕಿ ದಿನಾ ಕೇಳ್ತಾಳ, 'ನಾ ಒತ್ತಿ ಕೊಡ್ಲೇನ್ರೀ' ಅಂತ."

ಬಿಸಿಲು ತಲೆಗೇರಿತೋ ಏನೋ, ನನಗೆ ಅಳು ಬರುವ ಬದಲು ಸಿಟ್ಟು ಬಂತು. "ಸುಳ್ಳ ಮೊದಲ ನೀ ಹೇಳ್ದಿ. ಗುರುಜಿ ಹಂಗ ಅಂದಿದ್ದಿಲ್ಲ."

"ಹೇಳ್ದೆ. ಅವ್ವನ ಜೋಡಿ ಆ ಬಾಗಲದಾಗ ಕೂಡೂದು ನನ್ನ ಕೈಲಿ ಆಗ್ತಿದ್ದಿಲ್ಲ. ಹೆದರಿದ್ದೆ. ಅದಕ್ಕ ನಿನ್ನ ದೂಡ್ದೆ. ಏನೀಗ?"

"ನಿನಗ ಖರೆ ಗೊತ್ತಿತ್ತು. ಅವ್ವ ತನ್ನ ತಪ್ಪ ಅಂತ ಎದಿ ಬಡಕೋತಿದ್ಳು. ಆಕಿಗ್ಯಾದ್ರೂ ಹೇಳಬಾರದಿತ್ತೇನು?"

"ನೀ ಹೇಳಬಾರದಿತ್ತೇನು?"

ಅವಳು ನನ್ನನ್ನು ಕೊಯ್ಯಲು, ನಾನು ನನ್ನನ್ನು ಉಳಿಸಿಕೊಳ್ಳಲು, ಇಬ್ಬರೂ ಒಂದೇ ಬಾಯಿ ಮುಚ್ಚಿಕೊಂಡಿದ್ದೆವು. ನಮ್ಮಿಬ್ಬರ ಸೇಡನ್ನು ಉಂಡವಳು ನಡುವೆ ಕುಂತು ಶೇಂಗಾ ಸುಲಿಯುತ್ತಿದ್ದವಳು. ಒತ್ತುಮಣೆಯ ಬಾಯಲ್ಲಿ ಹಿಟ್ಟು ಒಣಗಿ ಗಟ್ಟಿಯಾಯಿತು. ಇಬ್ಬರೂ ಅದರ ಕಡೆಗೆ ನೋಡಲಿಲ್ಲ.

ಅಕ್ಕ ಎದ್ದು ಸೆರಗು ಝಾಡಿಸಿದಳು. "ಅಪ್ಪ ಇನ್ನೂ ಮಂದಿ ಮುಂದ ಅದ ಹೇಳ್ತಾನ. ಹೆಂಡತಿ ಹುಚ್ಚುತನ ಮಗಳ ಕೈ ತಿಂತು ಅಂತ. ನಡಿ. ನನ್ನ ಮುಂದ ಹೇಳಿ ಏನ್ ಉಪಯೋಗ? ಅವನ ಮುಂದ ಹೇಳು."

"ನೀ ಹೇಳು."

"ನಾ ಹೇಳಲ್ಲ. ನಾ ಕೇಳ್ಲಾಕ ಬರ್ತೀನಿ."

ಅಪ್ಪ ಈಗ ನಿಲಂಗಾದ ಒಂದು ಮಠದಲ್ಲಿ ಇರುತ್ತಾರೆ. ವಯಸ್ಸಾಗಿದೆ, ಕೂಗಿ ಹೇಳಿದರಷ್ಟೇ ಕಿವಿ ಕೇಳುತ್ತದೆ. ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕುಂತಳು, ಕಿಟಕಿ ನನಗೆ ಕೊಡಲಿಲ್ಲ. ನಾವು ಮುಟ್ಟಿದಾಗ ಪ್ರಸಾದದ ಹೊತ್ತು. ಪಡಸಾಲೆಯಲ್ಲಿ ಹತ್ತಿಪ್ಪತ್ತು ಮಂದಿ ಎಲೆ ಹಾಕಿಕೊಂಡು ಕುಂತಿದ್ದರು. ಅಪ್ಪ ಕಂಬಕ್ಕೆ ಒರಗಿದ್ದರು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ.

"ಆಂ?" ಅಂದರು.

ಅಕ್ಕ ಎದುರಿಗೆ ಕಾಲು ಮಡಚಿಕೊಂಡು ಕುಂತು ನನ್ನನ್ನೇ ನೋಡುತ್ತಿದ್ದಳು. ಬಲಗೈ ತೊಡೆಯ ಮೇಲೆ ಅಂಗಾತ ಇತ್ತು.

ನಾನು ಕೂಗಿದೆ. "ಅಪ್ಪಾ, ಪತ್ರಾದ ತಂತಿ ನಾ ಬಿಚ್ಚಿದ್ದೆ! ಅಕ್ಕನ ಕೈ ನನ್ನಿಂದ ಹೋಯ್ತು! ಅವ್ವಂದು ಏನೂ ತಪ್ಪ ಇದ್ದಿಲ್ಲ!"

ಊಟಕ್ಕೆ ಕುಂತವರ ಕೈ ನಿಂತವು. ಸಾರು ಬಡಿಸುತ್ತಿದ್ದವನು ಸೌಟು ಹಿಡಿದು ಅಲ್ಲೇ ನಿಂತ. ಅಪ್ಪ ಕಂಬ ಬಿಟ್ಟು ಮುಂದೆ ಬಾಗಿದರು. "ನಾ ಆಕಿಗಿ ಎಷ್ಟ ಅಂದೀನಿ" ಅಂದರು. "ಸಾಯೂ ತನಕ ಅಂದೀನಿ. ಹಾಸಗ್ಯಾಗ ಬಿದ್ದಾಗೂ ಅಂದೀನಿ." ನನ್ನ ಮೊಣಕೈ ಹಿಡಿದು ಪಡಸಾಲೆಯ ಮಂದಿಯ ಕಡೆಗೆ ತಿರುಗಿಸಿದರು. ಇವರ ಮುಂದೆಯೂ ಅವರು ಅವ್ವನ ಕಥೆ ಹೇಳಿದ್ದಿರಬೇಕು.

"ಇವರಿಗಿ ಹೇಳು" ಅಂದರು. "ಮತ್ತೊಮ್ಮಿ ಹೇಳು."

ನಾನು ಅಕ್ಕನ ಕಡೆಗೆ ನೋಡಿದೆ. ಅವಳು ನನ್ನ ಮೇಲಿನ ಕಣ್ಣು ಕದಲಿಸಲಿಲ್ಲ. ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ಮೊದಲಿನಿಂದ ಹೇಳಿದೆ.